ಅರ್ಧ ತಟ್ಟೆಗೊಂದು ಜಗಳ

ಬೆಳಕು ಹರಿಯುವ ಮೊದಲೇ ಹೃದ್ರೋಗ ವಾರ್ಡಿನ ಕಾರಿಡಾರಿನಲ್ಲಿ ಊಟದ ಗಾಡಿಯ ಚಕ್ರ ಕಿರುಗುಟ್ಟುತ್ತದೆ. ಅದಕ್ಕೊಂದು ತೊಟ್ಟು ಎಣ್ಣೆ ಬಿಡಿ ಎಂದು ಹೇಳಿ ಹೇಳಿ ಎಲ್ಲರಿಗೂ ಸಾಕಾಗಿದೆ. "ಬಿಡಲ್ಲ. ಈ ಸದ್ದು ಕೇಳಿದ್ರೇನೇ ನಮ್ಮ ಅಜ್ಜ ಅಜ್ಜೀರು ಹಲ್ಲಿನ ಸೆಟ್ಟು ಹುಡುಕೋದು," ಎನ್ನುತ್ತಾರೆ ಗಾಡಿ ತಳ್ಳುವಾಕೆ. ಇಡೀ ವಾರ್ಡಿಗೆ ಅವರು ತಟ್ಟೆಯಕ್ಕ. ನಲವತ್ತು ಹಾಸಿಗೆಗಳಿಗೆ ದಿನಕ್ಕೆ ಮೂರು ಹೊತ್ತು ಊಟ ಹಂಚಿ, ತಟ್ಟೆ ವಾಪಸ್ ಒಯ್ದು ತೊಳೆಯುವುದಷ್ಟೇ ಕೆಲಸ. ಅವರು ಅಷ್ಟಕ್ಕೇ ಸುಮ್ಮನಿರುವುದಿಲ್ಲ ಎಂಬುದೇ ತಕರಾರು.

ಕಿಟಕಿ ಪಕ್ಕದ ಹಾಸಿಗೆಯಲ್ಲಿ ಟೈಲರ್ ತಾತ ಇದ್ದಾರೆ. ಹೃದಯ ಸೋತು, ಕಾಲು ಹೊಟ್ಟೆಯಲ್ಲೆಲ್ಲ ನೀರು ತುಂಬಿಕೊಂಡು ಬಂದವರು. ದಿನಾ ಬೆಳಿಗ್ಗೆ ರೋಗಿಗಳ ತೂಕ ನೋಡುವುದು ಇಲ್ಲಿನ ಪದ್ಧತಿ. ಮುಳ್ಳು ಇಳಿದರೆ ಎಲ್ಲರ ಮುಖ ಅರಳುತ್ತದೆ. ಕಳೆದ ವಾರ ತಾತನ ತೂಕ ಮತ್ತೆ ಇಳಿದಾಗ ಹೆಂಡತಿ, "ಸದ್ಯ, ನೀರಿಳೀತಲ್ಲ," ಎಂದು ಕೈಮುಗಿದರು. ತಾತ ಮಾತ್ರ ದಿಂಬಿನಡಿಯಿಂದ ತಮ್ಮ ಹಳೆಯ ಟೇಪು ಎಳೆದು ರಟ್ಟೆಗೆ ಸುತ್ತಿಕೊಂಡರು.

"ನೀರು ತುಂಬಿದ್ದು ಕಾಲಲ್ಲಿ ಕಣೇ. ರಟ್ಟೆ ಯಾಕೆ ಸಣ್ಣ ಆಯ್ತು?"

ವಾರ್ಡಿನ ಡಯಟಿಶಿಯನ್ ಮೇಡಂ ಬಂದು ನೋಡಿ, ನೀರಿನ ಜೊತೆ ಮಾಂಸಖಂಡವೂ ಕರಗುತ್ತಿದೆ ಎಂದು ಬಿಡಿಸಿ ಹೇಳಿದರು. ಹೃದಯದ ಕವಾಟ ಸರಿಪಡಿಸುವ ಚಿಕಿತ್ಸೆಯೊಂದು ಬಾಕಿಯಿದೆ. ಮೈಯಲ್ಲಿ ಕಸುವಿಲ್ಲದಿದ್ದರೆ ಡಾಕ್ಟರು ಅದಕ್ಕೆ ಕೈ ಹಾಕುವುದಿಲ್ಲ. ತಾತ ಉಣ್ಣಲೇಬೇಕು, ಬೇರೆ ದಾರಿಯಿಲ್ಲ.

ಉಣ್ಣುವುದೇನು ಸಲೀಸೇ? ನಾಲ್ಕು ತುತ್ತು ಅಗಿಯುವಷ್ಟರಲ್ಲಿ ಏದುಸಿರು. ಹೊಟ್ಟೆ ಉಬ್ಬರಿಸಿ ಹಸಿವೇ ಸತ್ತಿದೆ. ಮಾತ್ರೆಗೆ ಬಾಯಿ ಒಣಗಿದೆ, ಉಪ್ಪು ಕಮ್ಮಿಯ ಊಟ ನಾಲಿಗೆಗೆ ಹತ್ತುತ್ತಿಲ್ಲ. ಇದರ ಮೇಲೆ ಹೆಂಡತಿಯ ಕಾವಲು ಬೇರೆ. ಡಾಕ್ಟರು ಉಪ್ಪು, ನೀರು ಹಿಡಿತದಲ್ಲಿರಲಿ ಎಂದದ್ದೇ ತಡ, ಅಜ್ಜಿ ಮೊಟ್ಟೆ, ಬೇಳೆ, ಹಾಲು ಎಲ್ಲಕ್ಕೂ ಕತ್ತರಿ ಹಾಕಿಬಿಟ್ಟಿದ್ದರು. "ಹಾರ್ಟೇ ಸುಸ್ತಾಗಿದೆ, ಹೊಟ್ಟೆಗೆ ಸ್ವಲ್ಪ ರೆಸ್ಟ್ ಬೇಡ್ವಾ?" ಎಂಬುದು ಅವರ ವಾದ.

"ರೆಸ್ಟ್ ಕೊಟ್ಟು ಕೊಟ್ಟು ಯಜಮಾನ್ರನ್ನ ಹ್ಯಾಂಗರ್ ಮಾಡಿಟ್ಟಿದೀರಲ್ಲ ಅಜ್ಜಿ! ಮೊಟ್ಟೆ ನಿಮಗೇನು ಅನ್ಯಾಯ ಮಾಡ್ತು?" ಎಂದು ತಟ್ಟೆಯಕ್ಕ ಮುಖಕ್ಕೆ ಹೊಡೆದಂತೆ ಕೇಳಿದರು. ಅಜ್ಜಿ ಅವತ್ತಿಡೀ ಮಾತು ಬಿಟ್ಟರು. ಮೇಡಂ ಕೂತು ತಿಳಿಹೇಳಿದ ಮೇಲೆ ಮರುದಿನ ತಾವೇ ಮೊಟ್ಟೆಯ ಸಿಪ್ಪೆ ಸುಲಿಯುತ್ತಾ ಕೂತಿದ್ದರು.

ಸ್ವಲ್ಪ ಸ್ವಲ್ಪವೇ ಕೊಡಿ, ಮತ್ತೆ ಮತ್ತೆ ಕೊಡಿ ಎಂಬುದು ಮೇಡಂ ಸಲಹೆ. ಅಡುಗೆಮನೆಯ ಕಟ್ಟಳೆಯೇ ಬೇರೆ: ಅರ್ಧ ಗಂಟೆಯಲ್ಲಿ ತಟ್ಟೆಗಳು ವಾಪಸ್ ಬರಬೇಕು. ತಟ್ಟೆಯಕ್ಕ ಬಡಿಸುವಾಗಲೇ ಅರ್ಧ ಊಟ ತೆಗೆದು ಹಾಟ್‌ಬಾಕ್ಸಿನಲ್ಲಿಡುತ್ತಾರೆ. ಒಂದು ಸುತ್ತು ಮುಗಿಸಿ ಬಂದು, ನಿಂಬೆಹಣ್ಣು ಹಿಂಡಿ, ಉಳಿದದ್ದನ್ನು ಬಿಸಿಬಿಸಿಯಾಗಿ ಮುಂದಿಡುತ್ತಾರೆ. ತಡವಾಗಿ ಬರುವ ಈ ತಟ್ಟೆಗಳಿಗೇ ಅಡುಗೆಮನೆಯ ಮೇಲ್ವಿಚಾರಕರ ಕಣ್ಣು ಕೆಂಪಾಗುವುದು.

"ಇದೇನು ನಿಮ್ಮ ಮನೇನಾ?" ಎಂದು ಅವರು ಗದರಿದ್ದರು.

"ಮನೇಲಾದ್ರೆ ಉಣ್ತಾ ಕೂತೋರ ಮುಂದಿಂದ ತಟ್ಟೆ ಎಳೀತಿದ್ರಾ ಸಾರ್?"

ಈ ಮಾತಿಗೆ ಪಾತ್ರೆ ತೊಳೆಯುವ ಕೋಣೆಗೆ ಎತ್ತಂಗಡಿಯಾಯಿತು. ಟೀ ಕುಡಿಯಲು ಸಿಗುವ ಬಿಡುವಿನಲ್ಲೇ ತಟ್ಟೆಯಕ್ಕ ಒದ್ದೆ ಸೆರಗಿನಲ್ಲಿ ವಾರ್ಡಿಗೆ ಓಡಿ ಬಂದು ತಾತನ ಮುಂದೆ ಕೂರುತ್ತಿದ್ದರು. ಮೇಡಂ ಜಗಳ ಕಾಯ್ದು ಅವರನ್ನು ಮತ್ತೆ ಗಾಡಿಗೆ ಹಾಕಿಸಿಕೊಂಡರು.

ಇಲ್ಲಿಗೆ ಬರುವ ಮೊದಲು ತಟ್ಟೆಯಕ್ಕ ಹೋಟೆಲಿನಲ್ಲಿ ಟೇಬಲ್ ಒರೆಸುತ್ತಿದ್ದರು. ಗಂಡ ತೀರಿಕೊಂಡ ಮೇಲೆ ಇಬ್ಬರು ಹೆಣ್ಣುಮಕ್ಕಳನ್ನು ಸಾಕಿದ್ದು ಆ ಒರೆಸುವ ಬಟ್ಟೆಯೇ. ಈಗ ಮಂಡಿ ನೋಯುತ್ತದೆ, ಬಾಯಿ ಮಾತ್ರ ಜೋರಾಗಿದೆ. "ಅಲ್ಲಿ ಗಿರಾಕೀನ ಬೇಗ ಎಬ್ಬಿಸೋದೇ ಕೆಲಸ. ಕೊನೇ ತುತ್ತು ಬಾಯಲ್ಲಿದ್ದಾಗ್ಲೇ ತಟ್ಟೆ ಎತ್ತಿದೀನಿ. ಇಲ್ಲೂ ಅದನ್ನೇ ಮಾಡು ಅಂದ್ರೆ ಆಗಲ್ಲ. ಕೆಲಸ ಹೋದ್ರೆ ಹೋಗ್ಲಿ."

ನಿಮಗೇನು ಬೇಕು ಎಂದು ಕೇಳಿದರೆ, ವಾರ್ಡಿಗೆ ಇನ್ನೊಂದು ದೊಡ್ಡ ಹಾಟ್‌ಬಾಕ್ಸ್ ಬೇಕು ಎನ್ನುತ್ತಾರೆ. ನಿಧಾನಕ್ಕೆ ಉಣ್ಣುವವರು ತಾತ ಒಬ್ಬರೇ ಅಲ್ಲವಲ್ಲ.

ಇವತ್ತು ತಾತ ಮತ್ತೆ ರಟ್ಟೆಗೆ ಟೇಪು ಸುತ್ತಿ ನೋಡುತ್ತಾರೆ. ಅಳತೆ ಹೆಚ್ಚಿಲ್ಲ. ಆದರೆ ಕಳೆದ ವಾರಕ್ಕಿಂತ ಒಂದು ಕೂದಲೆಳೆಯಷ್ಟೂ ಇಳಿದಿಲ್ಲ. ಅಜ್ಜಿ ತಾವೂ ಒಮ್ಮೆ ಅಳೆದು ನೋಡಿ ಕಣ್ಣೊರೆಸಿಕೊಳ್ಳುತ್ತಾರೆ. ತಟ್ಟೆಯಕ್ಕ ಎರಡನೇ ಅರ್ಧ ತಂದಿಡುತ್ತಾರೆ. ತಾತ ಎರಡು ತುತ್ತು ತಿಂದು, ಸುಧಾರಿಸಿಕೊಂಡು, ಮೂರನೆಯದಕ್ಕೆ ಕೈ ಹಾಕುವಷ್ಟರಲ್ಲಿ ಬಾಗಿಲಲ್ಲಿ ಮೇಲ್ವಿಚಾರಕರ ದನಿ ಕೇಳಿಸುತ್ತದೆ.

"ಟೈಮಾಯ್ತು. ತಟ್ಟೆ ತೆಗೀರಿ."

ತಟ್ಟೆಯಕ್ಕ ಸೆರಗು ಸಿಕ್ಕಿಸಿಕೊಂಡು ತಿರುಗುತ್ತಾರೆ. ಅವರು ಬಾಯಿ ತೆರೆಯುವ ಮೊದಲೇ ತಾತ ಎಡಗೈಯಿಂದ ತಟ್ಟೆಯನ್ನು ಎದೆಗೆ ಎಳೆದುಕೊಳ್ಳುತ್ತಾರೆ. ಒಂದು ವಾರದಿಂದ ಏದುಸಿರಿನಲ್ಲಿ ಪಿಸುಗುಟ್ಟುತ್ತಿದ್ದ ಅವರ ದನಿ ಇಡೀ ವಾರ್ಡಿಗೆ ಕೇಳಿಸುತ್ತದೆ.

"ಇನ್ನೂ ತಿಂತಾ ಇದೀನಿ. ಕಾಣ್ಸಲ್ವೇನ್ರೀ?"