ಹೆಗಲಾಚೆ ನೋಡುತ್ತಿದ್ದ ನಜೀರ್ ಸಾಹೇಬರು

ನಜೀರ್ ಸಾಹೇಬರು ಮಾತಾಡುವಾಗ ನಮ್ಮ ಮುಖ ನೋಡುತ್ತಿರಲಿಲ್ಲ. ಹೆಗಲಾಚೆ, ನಮ್ಮ ಬೆನ್ನ ಹಿಂದೆ ಯಾರೋ ಬಂದು ನಿಂತಿದ್ದಾರೇನೋ ಎಂಬಂತೆ ಅಲ್ಲಿಯೇ ಕಣ್ಣಿಟ್ಟಿರುತ್ತಿದ್ದರು. ಮೊದಮೊದಲು ನಾನೂ ತಿರುಗಿ ನೋಡಿದ್ದುಂಟು. ಬರೀ ಗೋಡೆ.

ದಾವಣಗೆರೆಯ ನಮ್ಮ ಖಾಸಗಿ ಕಾಲೇಜಿನಲ್ಲಿ ಸಂಬಳದ ಲೆಕ್ಕ ಅವರದು. ದಿನಾ ಹರಿಹರದಿಂದ ಬಸ್ಸಿನಲ್ಲಿ ಬರುವರು. ತಿಂಗಳ ಸಂಬಳದಲ್ಲಿ ಆದಾಯ ತೆರಿಗೆ ಎಷ್ಟು ಹಿಡಿಯಬೇಕೆಂಬುದು ಆಗ ನಮ್ಮ ನಮ್ಮ ಮನೆಯ ಕಥೆಯ ಮೇಲಿತ್ತು: ಮನೆ ಸಾಲ, ವಯಸ್ಸಾದವರ ಔಷಧಿ, ಹೀಗೆ ಖರ್ಚು ತೋರಿಸಿದಷ್ಟು ತೆರಿಗೆ ಕಡಿಮೆ. ಏನಾದರೂ ಬದಲಾದರೆ ಕೂಡಲೇ ಹೇಳಬೇಕು, ಇಲ್ಲದಿದ್ದರೆ ಬಾಕಿ ತೆರಿಗೆಯೆಲ್ಲ ಸೇರಿ ಮಾರ್ಚಿನ ಸಂಬಳವನ್ನೇ ನುಂಗಿಹಾಕುತ್ತದೆ. ಬೇರೆಯವರಾಗಿದ್ದರೆ ನೋಟಿಸ್ ಅಂಟಿಸಿ ಕೈ ತೊಳೆದುಕೊಳ್ಳುತ್ತಿದ್ದರು. ಇವರು ಸ್ಟಾಫ್ ರೂಮಿಗೇ ಬಂದು ಒಬ್ಬೊಬ್ಬರ ಎದುರೂ ನಿಂತು ಕೇಳುವರು: "ಮನ್ಯಾಗ ಏನಾರ ಬದಲಾಗೈತೇನ್ರಿ?"

ಒಮ್ಮೆ ಫಿಸಿಕ್ಸಿನ ಶಿವಕುಮಾರ್, "ಏನಿಲ್ಲ ಸಾಹೇಬ್ರೆ, ನಾನು, ನನ್ ಹೆಂಡ್ತಿ, ಅಷ್ಟೆ" ಎಂದು ನಕ್ಕರು. ಸಾಹೇಬರು ನಗಲಿಲ್ಲ. ಅವರ ಹಿಂದೆ ನೋಡುತ್ತ, "ಮತ್ತೆ ಈ ಹಿರೇರು?" ಎಂದರು. ಆ ವಾರವೇ ಬಾತಿ ಹಳ್ಳಿಯಿಂದ ಶಿವಕುಮಾರರ ಅಣ್ಣ ಲಕ್ವ ಹೊಡೆದ ತಂದೆಯನ್ನು ತಂದು ಇವರ ಮನೆಯಲ್ಲಿ ಬಿಟ್ಟುಹೋದ. ಅಂದಿನಿಂದ ಸಾಹೇಬರ ಚಪ್ಪಲಿ ಸದ್ದು ಕೇಳಿದರೆ ಅರ್ಧ ಸ್ಟಾಫ್ ರೂಮು ಲೈಬ್ರರಿ ಸೇರುತ್ತಿತ್ತು. ನಾನು ಮಾತ್ರ ಏಳುತ್ತಿರಲಿಲ್ಲ. ಸರಸ್ವತಿ ನಗರದ ಮನೆಯಲ್ಲಿ ನನ್ನ ಅವ್ವ ಹಾಸಿಗೆ ಹಿಡಿದಿದ್ದಳು. ನನ್ನ ಹಿಂದೆ ನೋಡಿ ಸಾಹೇಬರು ಪ್ರತಿ ಸಲವೂ, "ಅವ್ವ ಅದಾರೆ ಬಿಡ್ರಿ" ಎನ್ನುತ್ತಿದ್ದರು. ಡಾಕ್ಟರ ಮಾತಿಗಿಂತ ನನಗೆ ಆ ಮಾತೇ ಧೈರ್ಯ.

ದಸರಾ ರಜೆಯಲ್ಲಿ ಅವ್ವ ಹೋದಳು. ಕಾಲೇಜಿನಲ್ಲಿ ಯಾರಿಗೂ ಹೇಳಲಿಲ್ಲ. ಹೇಳಿದರೆ ಅವಳ ಔಷಧಿಯನ್ನು ಲೆಕ್ಕದಿಂದ ತೆಗೆಸಬೇಕು. ಅವ್ವನನ್ನು ತೆಗೆಯಿರಿ ಎಂದು ನನ್ನ ಬಾಯಿಂದಲೇ ಹೇಗೆ ಹೇಳಲಿ?

ರಜೆ ಮುಗಿದ ದಿನ ಸಾಹೇಬರು ಬಂದರು. "ಮನ್ಯಾಗ ಏನಾರ ಬದಲಾಗೈತೇನ್ರಿ?"

"ಇಲ್ಲ" ಎಂದೆ.

ಹೆಗಲಾಚೆ ಬಹಳ ಹೊತ್ತು ನೋಡಿದರು. "ಇನ್ಮ್ಯಾಲೆ ಔಷಧಿ ತೋರ್ಸಕ್ ಬರಂಗಿಲ್ರಿ ಮೇಡಂ. ಈ ತಿಂಗ್ಳಿಂದ ಜಾಸ್ತಿ ಹಿಡೀತೀನಿ" ಎಂದು ಮೆಲ್ಲಗೆ ಹೇಳಿದರು. ಆಮೇಲೆ ಖಾಲಿ ಕುರ್ಚಿಯೊಂದನ್ನು ಎಳೆದು, ಕೂತೇ ಇದ್ದ ನನ್ನ ಬೆನ್ನ ಹಿಂದೆ ಇಟ್ಟು, "ಆವಾಗ್ಲಿಂದ ನಿಂತೇ ಅದೀರಿ. ಕೂಡ್ರಿ ಅವ್ವಾ" ಎಂದರು.

ಅಲ್ಲೇ, ಎಲ್ಲರೆದುರೇ ಅತ್ತುಬಿಟ್ಟೆ.

ಸಾಹೇಬರು ನಿವೃತ್ತರಾದರು. ನಾವೆಲ್ಲ ಹೊಸ ತೆರಿಗೆ ಪದ್ಧತಿಗೆ ಬಂದೆವು. ಈಗ ಮನೆಯಲ್ಲಿ ಯಾರಿದ್ದರೂ, ಯಾರು ಹೋದರೂ ಹಿಡಿಯುವುದು ಅಷ್ಟೇ. ಕೇಳುವವರಿಲ್ಲ.

ಮೊನ್ನೆ ಅವರು ತೀರಿಕೊಂಡ ಸುದ್ದಿ ಬಂತು. ಹರಿಹರದ ಅವರ ಮನೆಗೆ ಒಬ್ಬಳೇ ಹೋದೆ. ಅವರ ಹೆಂಡತಿ ನನ್ನನ್ನು ಅದೇ ಮೊದಲು ನೋಡಿದ್ದು. ಹೆಸರು ಹೇಳಿದೆ. "ಬರ್ರಿ" ಎಂದು ಒಳಗೆ ಕರೆದು ಎರಡು ಕುರ್ಚಿ ಹಾಕಿದರು.

"ಅವ್ರು ಹೇಳಿದ್ರು, ನೀವು ಒಬ್ರೇ ಬರಂಗಿಲ್ಲ ಅಂತ."

ನಾನು ತಿರುಗಿ ನೋಡಲಿಲ್ಲ. ಬಾಗಿಲಿಂದ ಸ್ವಲ್ಪ ಸರಿದು ದಾರಿ ಬಿಟ್ಟೆ.