ಒಂದು ಲೋಕದಷ್ಟು ತಡ

ನನ್ನ ತಂಗಿಯ ಗಂಡನ ಉದ್ಯೋಗ ಏನೆಂದು ಯಾರಾದರೂ ಕೇಳಿದರೆ ನಮ್ಮ ಮನೆಯಲ್ಲಿ ಒಬ್ಬರಿಗೂ ಸರಿಯಾಗಿ ಹೇಳಲು ಬರುತ್ತಿರಲಿಲ್ಲ. ಅವನು ಒಂದು ಟಿವಿ ಧಾರಾವಾಹಿಯ ಬರಹಗಾರರ ಗುಂಪಿನಲ್ಲಿದ್ದ. ಆದರೆ ಕಥೆ ಕಟ್ಟುತ್ತಿರಲಿಲ್ಲ, ಸಂಭಾಷಣೆ ಬರೆಯುತ್ತಿರಲಿಲ್ಲ. ಆಕಾಶದಾಚೆಯಿಂದ ಬರುವ ಶತ್ರುಗಳು ಮುಂದಿನ ಕಂತುಗಳಲ್ಲಿ ಯಾವ ಲೋಕವನ್ನು ನುಂಗಬೇಕು, ಯಾಕೆ ಅದನ್ನೇ ನುಂಗಬೇಕು, ನುಂಗಿದ ಮೇಲೆ ಎಷ್ಟು ಕಾಲ ಸುಮ್ಮನಿರಬೇಕು ಎಂದು ತೀರ್ಮಾನಿಸುವುದಷ್ಟೇ ಅವನ ಕೆಲಸ. ಸ್ಟುಡಿಯೋದಲ್ಲಿ ಅವನನ್ನು ಸೇನಾಪತಿ ಎಂದು ಕರೆಯುತ್ತಿದ್ದರು. ಆಳು ಮಾತ್ರ ಬಸ್ಸಿನಲ್ಲಿ ತನ್ನ ಕಾಲು ತುಳಿದವರಿಗೆ ತಾನೇ ಕ್ಷಮೆ ಕೇಳುವ ಪೈಕಿ.

ಸ್ಟುಡಿಯೋದ ಹಿಂಭಾಗದಲ್ಲಿ, ಉಡುಪುಗಳ ಕೋಣೆಗೂ ಜನರೇಟರಿಗೂ ನಡುವೆ ಅವನಿಗೊಂದು ಕೋಣೆ ಕೊಟ್ಟಿದ್ದರು. ಕಿಟಕಿ ಇರಲಿಲ್ಲ. ಕಿಟಕಿ ಇರಬೇಕಾದ ಗೋಡೆಯ ತುಂಬ ಕಪ್ಪು ಬಟ್ಟೆ ಹೊದಿಸಿದ ಹಲಗೆ. ಅದರ ಮೇಲೆ ಲೋಕಗಳ ಬದಲು ಕೋಟಿನ ಗುಂಡಿಗಳು. ಪಕ್ಕದ ಕೋಣೆಯ ದರ್ಜಿ ಕೊಟ್ಟವು. ಮನುಷ್ಯರಿರುವ ಲೋಕಕ್ಕೆ ಬಣ್ಣದ ಗುಂಡಿ, ಬಿದ್ದುಹೋದ ಲೋಕಕ್ಕೆ ಬೂದು ಗುಂಡಿ. ಬೂದು ಗುಂಡಿ ಸಾಲದೆ ಬಂದಾಗ ದರ್ಜಿ ಗೊಣಗುತ್ತಿದ್ದ: "ನಿಮ್ಮ ಯುದ್ಧದಲ್ಲಿ ನನ್ನ ಕೋಟುಗಳೆಲ್ಲ ಎದೆ ಬಿಟ್ಕೊಂಡು ನಿಂತಿವೆ ಸ್ವಾಮಿ."

ಶತ್ರುಗಳ ಹೆಸರು ಬೂದಿಗರು. ಮೊದಲು ನಿರ್ದೇಶಕ ಅವರಿಗೆ ಉದ್ದ ಹಲ್ಲು, ಕೆಂಡದ ಕಣ್ಣು, ಮನುಷ್ಯರ ಮೇಲೆ ತಲೆತಲಾಂತರದ ದ್ವೇಷ ಎಲ್ಲವನ್ನೂ ಕೊಟ್ಟಿದ್ದ. ದ್ವೇಷವನ್ನು ತೆಗೆಸಿದವನು ಇವನು.

"ದ್ವೇಷ ದುಬಾರಿ ಸಾರ್. ದ್ವೇಷ ಇರೋನು ಬೇಡದ ಕಡೆ ನುಗ್ಗಿ ಸೈನ್ಯ ಕಳ್ಕೋತಾನೆ. ಇವರಿಗೆ ನಮ್ಮ ಮೇಲೆ ಏನೂ ಇಲ್ಲ. ಹಸಿವು, ಅಷ್ಟೆ."

"ಹಸಿವಿರೋ ವಿಲನ್ನನ್ನ ಯಾರಪ್ಪ ನೋಡ್ತಾರೆ?"

"ಅದಕ್ಕೇ ಭಯ ಆಗೋದು ಸಾರ್. ಬೇಡ್ಕೊಂಡ್ರೂ ಪ್ರಯೋಜನ ಇಲ್ಲ ನೋಡಿ."

ಅವನ ಬೂದಿಗರು ದೊಡ್ಡ ಲೋಕಗಳ ಮೇಲೆ ಎಂದೂ ನೇರವಾಗಿ ಬೀಳುತ್ತಿರಲಿಲ್ಲ. ಸುತ್ತಲಿನ ಸಣ್ಣಪುಟ್ಟವನ್ನು ಒಂದೊಂದಾಗಿ ಹಿಡಿಯುತ್ತಿದ್ದರು. ಒಂದರಲ್ಲಿ ತಿಂದ ಬಲದಲ್ಲಿ ಇನ್ನೊಂದಕ್ಕೆ ಹೋಗುತ್ತಿದ್ದರು. ನಡುವಿನ ದೊಡ್ಡ ಲೋಕ ದಾರಿಗಳೆಲ್ಲ ಮುಚ್ಚಿಹೋಗಿ ತಾನಾಗಿಯೇ ಸೊರಗುತ್ತಿತ್ತು. ನಾನು ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡಿದವಳು. ಸಾಮ್ರಾಜ್ಯಗಳು ಬೆಳೆದದ್ದೂ ಬಹುಪಾಲು ಹೀಗೆಯೇ ಎಂದು ಅವನಿಗೆ ಹೇಳಿದ್ದೆ. ಬೂದಿಗರು ಕೆಲವೊಮ್ಮೆ ನಿಂತುಬಿಡುತ್ತಿದ್ದರು. ಆದರೆ ಅದು ನಿಲುಗಡೆಯಲ್ಲ, ತಿಂದದ್ದನ್ನು ಅರಗಿಸಿಕೊಳ್ಳುವ ಹೊತ್ತು. ಅವರನ್ನು ತಡೆಯಲು ಇದ್ದದ್ದು ಒಂದೇ ದಾರಿ. ಅವರು ನಿಂತಿರುವಾಗಲೇ ಮುಂದಿನ ಲೋಕವನ್ನು ನಾವೇ ಖಾಲಿ ಮಾಡಿ, ಒಂದು ಕಾಳೂ ಉಳಿಯದಂತೆ ನಾವೇ ಸುಟ್ಟುಬಿಡಬೇಕು. ಬಂದವರಿಗೆ ತಿನ್ನಲು ಏನೂ ಸಿಗಬಾರದು.

ಧಾರಾವಾಹಿಯ ಮನುಷ್ಯರು ಪ್ರತಿ ಸಲವೂ ಇದನ್ನು ಒಂದು ಲೋಕದಷ್ಟು ತಡವಾಗಿ ಮಾಡುತ್ತಿದ್ದರು. 'ನಿಂತಿದ್ದಾರಲ್ಲ, ಇನ್ನು ಬರಲಾರರು' ಎಂದು ಯಾರಾದರೊಬ್ಬರು ಹೇಳಿಯೇ ಹೇಳುತ್ತಿದ್ದರು. ಆ ತಡದ ಮೇಲೆ ಧಾರಾವಾಹಿ ವರ್ಷಗಟ್ಟಲೆ ನಡೆಯಿತು. ಸ್ಟುಡಿಯೋದ ಎಲ್ಲರ ಹೊಟ್ಟೆಪಾಡೂ ನಡೆಯಿತು.

ಇದರ ಜೊತೆಗೆ ಅಲ್ಲಿ ಇನ್ನೊಂದು ಪದ್ಧತಿಯಿತ್ತು. ಹಣ ಕಡಿಮೆ ಬಿದ್ದಾಗ, ನಟರು ಸಿಗದಾಗ, 'ಬಿಡುವಿನ ಕಂತು' ಮಾಡುತ್ತಿದ್ದರು. ಬೂದಿಗರು ಎಲ್ಲೋ ನಿಂತಿರುತ್ತಾರೆ, ಮನುಷ್ಯರು ಒಂದೇ ಕೋಣೆಯಲ್ಲಿ ಕೂತು ಪ್ರೀತಿ, ಜಗಳ, ಕಣ್ಣೀರು ಮುಗಿಸುತ್ತಾರೆ.

"ಸೇನಾಪತಿ, ಬೂದಿಗರಿಗೆ ಎರಡು ವಾರ ರಜೆ ಕೊಡಪ್ಪ. ಹೀರೋ ಮದುವೆ."

"ಯಾವ ಕಂತಲ್ಲಿ ಸಾರ್ ಮದುವೆ?"

"ಕಂತಲ್ಲಿ ಅಲ್ಲಯ್ಯ, ಅವನದೇ ಮದುವೆ!"

ಮೊದಲ ವರ್ಷ ಅವನು ಇದಕ್ಕೆ ಜಗಳಾಡುತ್ತಿದ್ದ. ಆಮೇಲೆ ರೂಢಿಯಾಯಿತು. ಕೇಳಿದರೆ ಶತ್ರು ನಿಲ್ಲುತ್ತಾನೆ ಎಂಬುದು ಕೈಗೆ ಹತ್ತಿದ ಕಸುಬಾಯಿತು.

ಬೂದಿಗರ ದನಿ ನನ್ನ ತಂಗಿಯದು. ತೆರೆಯ ಮೇಲೆ ಯಾರು ಯಾರೋ ಬೂದು ಮುಖವಾಡ ಹಾಕಿಕೊಂಡು ನಡೆದಾಡಲಿ, ಎಲ್ಲರ ಬಾಯಿಯಿಂದ ಹೊರಡುತ್ತಿದ್ದುದು ಅವಳ ಒಂದೇ ದನಿ. ಕಿರುಚದೆ, ಗದರದೆ, ಮಗುವನ್ನು ಮಲಗಿಸುವವಳ ಹಾಗೆ ತಗ್ಗಿಸಿ ಮಾತಾಡುತ್ತಿದ್ದಳು. "ನಾವು ಬರಲಿಲ್ಲ. ನೀವು ಜಾಗ ಬಿಟ್ಟಿರಿ." ಇದನ್ನು ಕೇಳಿ ದೊಡ್ಡವರೂ ದೀಪ ಹಾಕಿಕೊಳ್ಳುತ್ತಿದ್ದರಂತೆ.

ಮನೆಯಲ್ಲಿ ಅವಳ ಬಾಯಿಗೆ ಬಿಡುವೇ ಇರಲಿಲ್ಲ. ಮುಚ್ಚಳ ತೆರೆಯದ ಡಬ್ಬಿಯ ಜೊತೆ, ಒಣಗದ ಬಟ್ಟೆಯ ಜೊತೆ, ರೇಡಿಯೋದಲ್ಲಿ ತಪ್ಪು ಉಚ್ಚಾರ ಮಾಡಿದವನ ಜೊತೆ ಅವಳ ಜಗಳ ನಡೆದೇ ಇರುತ್ತಿತ್ತು. ಅವನು ಮಾತು ಕಡಿಮೆಯವನು. ಅವಳ ಗಲಾಟೆಯ ನಡುವೆ ಕೂತು ತನ್ನ ಲೋಕಗಳನ್ನು ಎಣಿಸಿಕೊಳ್ಳುತ್ತಿದ್ದ. ಮಕ್ಕಳಿರಲಿಲ್ಲ. ಸತ್ತವರನ್ನು ಹೊಗಳುವುದು ಸುಲಭವಾದ್ದರಿಂದ ಇದನ್ನೂ ಹೇಳಿಬಿಡುತ್ತೇನೆ: ತಂಗಿ ಹಠಮಾರಿ, ತನ್ನ ದನಿಯ ಬಗ್ಗೆ ಅವಳಿಗೆ ಜಂಬವಿತ್ತು. ಆ ಜಂಬ ನ್ಯಾಯವಾದದ್ದೇ.

ಅವಳ ಗಂಟಲು ಕರಕರ ಎನ್ನಲು ತೊಡಗಿದಾಗ ಯಾರೂ ಗಾಬರಿಯಾಗಲಿಲ್ಲ. ಬದಲಿಗೆ ಸ್ಟುಡಿಯೋ ಖುಷಿಪಟ್ಟಿತು. ಗಾಜಿನಾಚೆ ಕೂತ ಸೌಂಡಿನವನು ಹೆಬ್ಬೆರಳೆತ್ತಿ, "ಮೇಡಂ, ಈ ಸಲ ಬೆನ್ನುಮೂಳೆ ಚಳಿ ಹಿಡೀತು. ಹೀಗೇ ಇರ್ಲಿ," ಎಂದ. ಹೀಗೇ ಇರಲಿ ಎಂದು ಅವಳೂ ಇಟ್ಟುಕೊಂಡಳು. ಆ ಸೀಸನ್ ಪೂರ್ತಿ ಬೂದಿಗರು ಮಾತಾಡಿದ್ದು ಅವಳ ಕಾಯಿಲೆಯಲ್ಲಿ. ಬೇರೆ ಯಾವ ಕಸುಬಿನವಳಾದರೂ ತಿಂಗಳೊಪ್ಪತ್ತಿನಲ್ಲಿ ವೈದ್ಯರ ಬಳಿ ಹೋಗಿರುತ್ತಿದ್ದಳು. ಇವಳಿಗೆ ಚಪ್ಪಾಳೆ ಸಿಕ್ಕಿತು.

ಕೊನೆಗೆ ನುಂಗಲು ನೋವಾದಾಗ ಹೋದರು. ಧ್ವನಿಪೆಟ್ಟಿಗೆಯಲ್ಲಿ ಗಂಟು. ಮೊದಲು ವಿಕಿರಣ ಚಿಕಿತ್ಸೆ ಕೊಟ್ಟರು. ಕುತ್ತಿಗೆಯ ಚರ್ಮ ಸುಟ್ಟು ಕಪ್ಪಾಯಿತು, ತೂಕ ಇಳಿಯಿತು, ಆಮೇಲೆ ನಿಧಾನವಾಗಿ ದನಿ ಮರಳಿತು. ಮೊದಲಿನಷ್ಟೇ ತಿಳಿಯಾಗಿ ಮರಳಿತು. ಅದು ಮರಳಿದ್ದೇ ಕೇಡಾಯಿತು.

ಶಸ್ತ್ರವೈದ್ಯೆ ನನ್ನಂತೆಯೇ ಸುತ್ತಿ ಬಳಸಿ ಮಾತಾಡದ ಹೆಂಗಸು. ನಾವು ಮೂವರೂ ಅವಳ ಎದುರಿಗಿದ್ದೆವು.

"ಗಂಟು ಸಣ್ಣದಾಗಿದೆ. ಹೋಗಿಲ್ಲ. ಈಗಲೇ ಧ್ವನಿಪೆಟ್ಟಿಗೆ ಪೂರ್ತಿ ತೆಗೆದುಬಿಟ್ರೆ ಚೆನ್ನಾಗಿ ಬದುಕ್ತೀರಿ, ಬಹಳ ವರ್ಷ. ಮಾತಿರೋದಿಲ್ಲ. ಕುತ್ತಿಗೇಲಿ ಒಂದು ರಂಧ್ರ ಇರುತ್ತೆ, ಅದರಲ್ಲೇ ಉಸಿರಾಟ."

"ಕಾದು ನೋಡಿದ್ರೆ?" ಎಂದು ಅವನು ಕೇಳಿದ.

"ಯಾವುದನ್ನ ಕಾಯ್ತೀರಿ? ಅದು ಸುಮ್ನೆ ಕೂತಿರೋ ಹಾಗೆ ಕಾಣುತ್ತೆ, ಅಷ್ಟೆ."

ತಂಗಿ ಜೋರಾಗಿ ನಕ್ಕಳು. "ಕೇಳ್ದ್ಯೇನೋ? ಖಾಲಿ ಮಾಡಿ ಸುಟ್ಟುಬಿಡಿ ಅಂತಿದಾರೆ. ನಿನ್ನ ಕಥೆನೇ ಕದ್ದುಬಿಟ್ಟಿದಾರೆ ಡಾಕ್ಟ್ರು!"

ಅವನು ನಗಲಿಲ್ಲ. "ಅದು ಕಥೆ," ಎಂದ.

ಹೊರಗೆ ಮೆಟ್ಟಿಲ ತಿರುವಿನಲ್ಲಿ ಅವಳು ಕಂಬಿ ಹಿಡಿದು ನಿಂತಳು. ಸಾಬೂನಿನ ಬಕೆಟ್ಟು ಹಿಡಿದ ಕೆಲಸದವಳು ನಮ್ಮನ್ನು ದಾಟಿ ಹೋದ ಮೇಲೆ ಅವನ ಕಡೆ ತಿರುಗಿದಳು.

"ನಂಗೆ ಗೊತ್ತಾಗ್ತಿಲ್ಲ ಕಣೋ. ನೀನು ಹೇಳು. ಮಾಡ್ಸು ಅಂದ್ರೆ ನಾಳೆನೇ ಬಂದು ಮಲಗ್ತೀನಿ. ಅಕ್ಕನ್ನ ಕೇಳಲ್ಲ, ಅವಳು ಕತ್ತರಿಸು ಅಂತಾಳೆ, ಅವಳಿಗೇನು."

ನಾನು ಕತ್ತರಿಸು ಎಂದೇ ಹೇಳಿದೆ. ಅವಳು ನನ್ನ ಕಡೆ ನೋಡಲಿಲ್ಲ.

ಅವನೋ, ಲೋಕಗಟ್ಟಲೆ ಜನರನ್ನು ಊಟದ ಬಿಡುವಿನೊಳಗೆ ಒಕ್ಕಲೆಬ್ಬಿಸಿದ ಮನುಷ್ಯ. ಒಂದು ಮನೆಯ ಒಂದು ದನಿಯನ್ನು ಖಾಲಿ ಮಾಡು ಎನ್ನಲು ಅವನಿಗೆ ನಾಲಿಗೆ ಏಳಲಿಲ್ಲ.

"ಈ ಸೀಸನ್ ಮುಗೀಲಿ," ಎಂದ. "ಈಗ ಚೆನ್ನಾಗೇ ಇದೀಯಲ್ಲ. ಸ್ವಲ್ಪ ದಿನ ನಿಂತಿರುತ್ತೆ ಅದು."

ಅವಳ ಮುಖ ಅರಳಿತು. ಅವಳಿಗೆ ಬೇಕಾಗಿದ್ದ ಉತ್ತರವೇ ಅದು. ಮೆಟ್ಟಿಲಿಳಿಯುವಾಗ ತಂಗಿ ಆಸ್ಪತ್ರೆಯ ಗೋಡೆಯ ಬಣ್ಣವನ್ನು ಬೈಯುತ್ತ ಹೋದಳು, ಅವನು ಕೇಳುತ್ತ ಹೋದ.

ಆ ಸೀಸನ್ ಚೆನ್ನಾಗಿ ಬಂತು. ಚಾನೆಲ್ಲಿನವರು ಇನ್ನಷ್ಟು ಕಂತು ಕೇಳಿದರು. ಅವಳು ಒಪ್ಪಿಕೊಂಡಳು. ತಪಾಸಣೆಯ ದಿನವನ್ನು ಒಂದು ಸಲ ಮುಂದಕ್ಕೆ ಹಾಕಿದರು. ಸ್ಟುಡಿಯೋಗೆ ಫೋನ್ ಮಾಡಿ ದಿನಾಂಕ ಬದಲಿಸುವಷ್ಟೇ ಸಲೀಸಾಗಿ ಆಸ್ಪತ್ರೆಗೂ ಮಾಡಿದರು. ಹೋಗುವ ಹೊತ್ತಿಗೆ ಕುತ್ತಿಗೆಯ ಗ್ರಂಥಿಗಳು ಗಟ್ಟಿಯಾಗಿದ್ದವು. ಶ್ವಾಸಕೋಶದಲ್ಲಿ ಅಲ್ಲಲ್ಲಿ ಚುಕ್ಕೆ. ಶಸ್ತ್ರವೈದ್ಯೆ ಚಿತ್ರವನ್ನು ಬೆಳಕಿಗೆ ಹಿಡಿದು ತೋರಿಸಿದಳು. ಅವನಿಗೆ ವಿವರಿಸಬೇಕಾಗಿರಲಿಲ್ಲ. ಕಾಯಿಲೆ ದೊಡ್ಡದನ್ನು ಬಿಟ್ಟು ಸುತ್ತಲಿನ ಸಣ್ಣವನ್ನು ಹಿಡಿದಿತ್ತು, ಅವನು ಗುಂಡಿ ಚುಚ್ಚುತ್ತಿದ್ದ ಕ್ರಮದಲ್ಲೇ.

ಉಸಿರು ಕಟ್ಟತೊಡಗಿದ್ದರಿಂದ ಧ್ವನಿಪೆಟ್ಟಿಗೆ ತೆಗೆಯಲೇಬೇಕಾಯಿತು. ಉಳಿಸಿಕೊಳ್ಳಲೆಂದು ಕಾದದ್ದೂ ಹೋಯಿತು. ಅದನ್ನು ಆಗಲೇ ಕೊಟ್ಟಿದ್ದರೆ ಉಳಿಯುತ್ತಿದ್ದ ಜೀವವೂ ಉಳಿಯುವ ಹಾಗಿರಲಿಲ್ಲ.

ವಾರ್ಡಿನ ಹೊರಗೆ ರೋಗಿಗಳ ಕಡೆಯವರು ಕೂರುವ ಜಾಗದಲ್ಲಿ ಒಂದು ಟಿವಿ ಇತ್ತು. ನಡೆದಾಡಿಸಬೇಕೆಂದು ನರ್ಸ್ ಹೇಳಿದ್ದಕ್ಕೆ ಅವನು ಅವಳ ತೋಳು ಹಿಡಿದು ಅಲ್ಲಿಗೆ ಕರೆತಂದಿದ್ದ. ಹಳೆಯ ಕಂತೊಂದು ನಡೆಯುತ್ತಿತ್ತು. ಬೂದಿಗರು ಮಾತಾಡಿದರು. ತಂಗಿ ಗೋಡೆಗೆ ಒರಗಿ, ಕುತ್ತಿಗೆಯ ಬಟ್ಟೆಯ ಮೇಲೆ ಕೈಯಿಟ್ಟುಕೊಂಡು ಕೇಳಿಸಿಕೊಂಡಳು.

ಕುರ್ಚಿಯಲ್ಲಿದ್ದ ಅಜ್ಜಿಯೊಬ್ಬಳು, "ಅಯ್ಯೋ, ಆ ದರಿದ್ರದ ದನಿ ಆರಿಸ್ರಪ್ಪ ಯಾರಾದ್ರೂ, ಮೈ ನಡುಗುತ್ತೆ," ಎಂದಳು.

ತಂಗಿಯ ಭುಜಗಳು ಕುಲುಕಿದವು. ಅವಳು ನಗುತ್ತಿದ್ದಾಳೆಂದು ತಿಳಿಯಲು ನಮಗೆ ಒಂದು ಕ್ಷಣ ಬೇಕಾಯಿತು. ಸದ್ದಿಲ್ಲದ ನಗು ಹೇಗಿರುತ್ತದೆಂದು ಅದುವರೆಗೆ ನೋಡಿರಲಿಲ್ಲ. ಆಮೇಲೆ ಬೆರಳೆತ್ತಿ, ದನಿ ಜೋರು ಮಾಡು ಎಂದು ಗಂಡನಿಗೆ ಸನ್ನೆ ಮಾಡಿದಳು. ಅವನು ಮಾಡಿದ. ಅಜ್ಜಿ ಬೈದುಕೊಂಡು ಎದ್ದುಹೋದಳು.

ಮನೆಗೆ ಬಂದಮೇಲೆ ಅವಳು ಹೆಚ್ಚು ಕಾಲ ಇರಲಿಲ್ಲ. ಇದ್ದಷ್ಟು ಕಾಲ ಅವನು ಮಾತಾಡಲು ಪ್ರಯತ್ನಿಸಿದ. ಅವಳ ಪರವಾಗಿ ಡಬ್ಬಿಯನ್ನು ಬೈದ, ಬಟ್ಟೆಯನ್ನು ಬೈದ. ಅವನಿಗೆ ಬೈಯಲು ಬರುತ್ತಿರಲಿಲ್ಲ. ಅವಳು ಹಾಸಿಗೆಯಿಂದಲೇ ಕೈಯಾಡಿಸಿ, ಹಾಗಲ್ಲ, ಇನ್ನೂ ಖಾರವಾಗಿ, ಎಂದು ತಿದ್ದುತ್ತಿದ್ದಳು. ಒಂದು ಮಧ್ಯಾಹ್ನ ತೀರಿಕೊಂಡಳು.

ಸ್ಟುಡಿಯೋ ಬೇರೊಬ್ಬಳನ್ನು ತಂದಿತು. ಅನುಕರಣೆ ಚೆನ್ನಾಗಿತ್ತು, ನೋಡುವವರು ಯಾರೂ ದೂರಲಿಲ್ಲ. ಮರುವರ್ಷ ಧಾರಾವಾಹಿಯನ್ನು ಮುಗಿಸಬೇಕೆಂದು ತೀರ್ಮಾನವಾಯಿತು. ಬೂದಿಗರು ಸೋಲಬೇಕು, ಹೇಗೆಂದು ಸೇನಾಪತಿಯೇ ಹೇಳಬೇಕು. ಅವನು ಅದುವರೆಗೆ ಮಾಡದಿದ್ದ ಕೆಲಸ ಮಾಡಿದ, ಕಡೆಯ ಕಂತನ್ನು ತಾನೇ ಕೂತು ಪೂರ್ತಿ ಬರೆದ.

ಅದರಲ್ಲಿ ಬೂದಿಗರು ಎರಡು ಲೋಕದಾಚೆ ನಿಂತಿದ್ದಾರೆ. ಇನ್ನು ಬರಲಾರರು ಎಂದು ಎಲ್ಲರೂ ಹೇಳುತ್ತಾರೆ. ಮನುಷ್ಯರ ಲೋಕವೊಂದರ ಮುಖ್ಯಾಧಿಕಾರಿ, ಒಬ್ಬ ಹೆಂಗಸು, ಯಾರ ಮಾತನ್ನೂ ಕೇಳದೆ ತನ್ನ ಲೋಕವನ್ನು ಖಾಲಿ ಮಾಡಿಸುತ್ತಾಳೆ. ಜನ ಅವಳನ್ನು ಶಪಿಸುತ್ತ ಹಾಸಿಗೆ ಸುತ್ತಿಕೊಂಡು ಹೊರಡುತ್ತಾರೆ. ಕಣಜಗಳಿಗೆ ಅವಳೇ ಬೆಂಕಿಯಿಡುತ್ತಾಳೆ. ಬೂದಿಗರು ಬಂದು, ತಿನ್ನಲು ಏನೂ ಸಿಗದೆ, ಮುಂದಕ್ಕೂ ಹೋಗಲಾಗದೆ ಕತ್ತಲಲ್ಲಿ ಆರಿಹೋಗುತ್ತಾರೆ. ಅದನ್ನು ತೋರಿಸುವುದೂ ಇಲ್ಲ.

ಚಾನೆಲ್ಲಿನ ಮೇಡಂ ಹಾಳೆಗಳನ್ನು ಮೇಜಿನ ಮೇಲಿಟ್ಟು, "ಯುದ್ಧ ಎಲ್ಲಿದೆ?" ಎಂದಳು.

"ಇಲ್ಲ ಮೇಡಂ."

"ಬೂದಿಗರು ಒಂದು ಸಲಾನೂ ಕಾಣಿಸ್ಕೊಳಲ್ಲ?"

"ಸರಿಯಾದ ಸಮಯಕ್ಕೆ ಮಾಡಿದ್ರೆ ಕಾಣೋದಕ್ಕೆ ಏನೂ ಇರಲ್ಲ ಮೇಡಂ."

ನಿರ್ದೇಶಕ ಅವನ ಹೆಗಲ ಮೇಲೆ ಕೈಯಿಟ್ಟ. ಕೆಟ್ಟವನಲ್ಲ ಅವನು. "ನೋಡೋರಿಗೆ ಏನಾದ್ರೂ ಬೇಕಲ್ಲಪ್ಪ," ಎಂದ. ಕಡೆಗೆ ಬೂದಿಗರನ್ನು ದೊಡ್ಡದೊಂದು ಸ್ಫೋಟದಲ್ಲಿ ಮುಗಿಸಿದರು. ಜನ ಮೆಚ್ಚಿಕೊಂಡರು.

ಅವರು ಬೇಡವೆಂದ ಹಾಳೆಗಳನ್ನು ಅವನು ನನ್ನ ಮನೆಗೆ ತಂದ. ಓದಿ ಮುಗಿಸುವವರೆಗೆ ಎದುರಿನ ಕುರ್ಚಿಯ ತುದಿಯಲ್ಲಿ ಕೂತಿದ್ದ. ಸ್ಟುಡಿಯೋದಲ್ಲಿ ಯಾರೂ ಮಾತೆತ್ತದ ಒಂದು ದೃಶ್ಯ ಕೊನೆಯಲ್ಲಿತ್ತು. ವರ್ಷಗಳು ಕಳೆದಿವೆ. ಇನ್ಯಾವುದೋ ಲೋಕದ ಬಾಡಿಗೆ ಮನೆಯಲ್ಲಿ ಆ ಅಧಿಕಾರಿ, ಮುದುಕಿಯಾಗಿ, ಗಂಡನ ಜೊತೆ ಊಟಕ್ಕೆ ಕೂತಿದ್ದಾಳೆ. ಅಂದಿನ ಹೊಗೆಯಲ್ಲಿ ಅವಳ ದನಿ ಹೋಗಿದೆ. ಗಂಡ ಬೀದಿಯ ಬಗ್ಗೆ, ಸೋರುವ ನಲ್ಲಿಯ ಬಗ್ಗೆ, ಮೇಲಿನ ಮನೆಯವರ ಬಗ್ಗೆ ಮಾತಾಡುತ್ತಲೇ ಇರುತ್ತಾನೆ. ಅವಳಿಗೆ ಒಂದೂ ಮಾತಿಲ್ಲ. ಸಾಕು, ಮೊದಲು ತಿನ್ನು, ಎಂದು ಕೈಸನ್ನೆ ಮಾಡುತ್ತಾಳೆ. ಅವನು ತಿನ್ನುತ್ತಾನೆ.

ನಾನು ಹಾಳೆಗಳನ್ನು ಜೋಡಿಸಿ ಅವನ ಕೈಗೆ ಕೊಟ್ಟೆ.

"ಅಕ್ಕ," ಎಂದ, "ಅವತ್ತೇ ಮಾಡ್ಸು ಅಂದಿದ್ರೆ ಇದರಲ್ಲಿರೋ ಹಾಗೇ ಆಗ್ತಿತ್ತಾ?"

ಅವನಿಗೆ ಬೇರೆ ಉತ್ತರ ಬೇಕಾಗಿತ್ತೆಂದು ನನಗೆ ಗೊತ್ತಿತ್ತು. ಏನು ಮಾಡಿದ್ದರೂ ಇಷ್ಟೇ ಇತ್ತು, ಅವಳ ಆಯಸ್ಸು ಅಷ್ಟೇ, ಎಂದು ಬಂದವರೆಲ್ಲ ಹೇಳಿ ಹೋಗಿದ್ದರು. ಆದರೆ ಶಸ್ತ್ರವೈದ್ಯೆ ಹೇಳಿದ್ದನ್ನು ನಾವಿಬ್ಬರೂ ಕೇಳಿದ್ದೆವು.

"ಆಗ್ತಿತ್ತು," ಎಂದೆ.

ಅವನು ತಲೆಯಾಡಿಸಿದ. ಎದ್ದು, ಚಪ್ಪಲಿ ಮೆಟ್ಟಿಕೊಂಡು ಹೋದ.