ಅಳಿಸಿದ ಚುಕ್ಕೆಗಳು

ಇಮೊಗಿರಿ ಗುಡ್ಡದ ಕೆಳಗಿನ ಹೆಂಗಸರಿಗೆ ಒಂದು ಚಾಳಿಯಿದೆ. ಮದುವೆಮನೆಯಲ್ಲಿ ಯಾರಾದರೂ ಬಾಟಿಕ್ ಉಟ್ಟು ಎದುರಿಗೆ ಬಂದರೆ ಮುಖ ನೋಡುವುದಿಲ್ಲ, ಬಟ್ಟೆ ನೋಡುತ್ತಾರೆ. ಅದರ ಮೇಲಿನ ಚುಕ್ಕೆಗಳನ್ನು ಕಂಡರೆ ಸಾಕು, ಇದು ಇಂಥವಳ ಕೈ ಎಂದು ಹೇಳಿಬಿಡುತ್ತಾರೆ. ತಾಮ್ರದ ಮೂತಿಯ ಪುಟ್ಟ ಲೇಖನಿಯಲ್ಲಿ ಬಿಸಿ ಮೇಣ ತುಂಬಿ ಬಟ್ಟೆಗೆ ಮುಟ್ಟಿಸುವಾಗ ಒಬ್ಬೊಬ್ಬರ ಕೈ ಒಂದೊಂದು ಥರ. ಮೇಣ ಬಿದ್ದಲ್ಲಿ ಬಣ್ಣ ಹಿಡಿಯದೆ ಚುಕ್ಕೆ ಬಿಳಿಯಾಗಿಯೇ ಉಳಿಯುತ್ತದೆ. ವಿನಾರ್ಸಿಗೂ ಈ ಚಾಳಿ ಚೆನ್ನಾಗಿಯೇ ಇತ್ತು. ಊರಿನ ಕೈಗಳನ್ನೆಲ್ಲ ಬಲ್ಲ ಅವಳು ಗುರುತು ಹಿಡಿಯದೆ ಹೋದದ್ದು ಒಂದೇ ಒಂದು ಕೈಯನ್ನು.

ಅವಳ ತಾಯಿ ಪೊನಿಯೆಮ್ ನಲವತ್ತು ವರ್ಷ ಬರೆದ ಬಟ್ಟೆಯೆಲ್ಲ ಜೋಗ್ಜಾ ಪಟ್ಟಣದ ವ್ಯಾಪಾರಿಗಳ ಪಾಲಾಗಿತ್ತು. ಮೇಣದ ಕೆಲಸ ಮುಗಿದ ಕೂಡಲೇ ಬಟ್ಟೆ ಬಣ್ಣದವರ ಮನೆಗೆ ಹೋಗುತ್ತಿತ್ತು. ತಾನು ಬರೆದದ್ದು ಬಣ್ಣ ಕುಡಿದ ಮೇಲೆ ಹೇಗೆ ಕಾಣುತ್ತದೆ ಎಂದು ಅವಳು ನೋಡಿದ್ದೇ ಅಪರೂಪ. ಕಣ್ಣಿಗೆ ಪೊರೆ ಬಂದು, ಮೇಣದ ಹೊಗೆಗೆ ಎದೆ ಕಟ್ಟಿ, ಒಂಬತ್ತು ವರ್ಷದ ಹಿಂದೆ ಲೇಖನಿ ಕೆಳಗಿಟ್ಟಳು. ಹೋದ ವರ್ಷ ವೈದ್ಯರು ಹೃದಯ ಸೋತಿದೆ ಎಂದಾಗ ಅವಳು ಮಗಳ ಹತ್ತಿರ ಒಂದೇ ಒಂದು ಕೇಳಿದಳು.

"ನನ್ನ ಹೆಣದ ಮೇಲೆ ಅವರಿವರ ಬಟ್ಟೆ ಹೊದಿಸ್ಬೇಡ ಮಗಾ. ನೀನು ಬರ್ದಿದ್ದು ಹೊದಿಸು. ಸ್ಲೊಬೊಗ್ ಬರಿ."

ಸ್ಲೊಬೊಗ್ ಎಂದರೆ ಚೌಕ, ತ್ರಿಕೋನಗಳ ಸಾಲು, ಒಂದೊಂದರ ಒಳಗೂ ಚುಕ್ಕೆ. ಹೋಗುವವರ ದಾರಿ ಬಿಗಿಯದಿರಲಿ ಎಂದು ಹೊದಿಸುವ ಚಿತ್ತಾರ. ವಿನಾರ್ಸಿ ಮರುದಿನವೇ ಬಿಳಿ ಬಟ್ಟೆ ತಂದು ಬಿದಿರಿನ ಚೌಕಟ್ಟಿಗೆ ಇಳಿಬಿಟ್ಟಳು. ತಾಯಿ ಇರುವಷ್ಟರಲ್ಲಿ ಮುಗಿಸಬೇಕು, ತಾಯಿ ಅದನ್ನು ಬಣ್ಣದಲ್ಲಿ ಒಮ್ಮೆ ನೋಡಬೇಕು ಎಂಬುದು ಅವಳ ಹಟ.

ಆದರೆ ಅನ್ನ ಬರುತ್ತಿದ್ದದ್ದು ಬಾಟಿಕ್‌ನಿಂದಲ್ಲ. ಗಂಡ ಸತ್ತ ಮೇಲೆ ಅವಳು ಜೋಗ್ಜಾದಲ್ಲಿ, ವಿದ್ಯಾರ್ಥಿಗಳ ಬಟ್ಟೆಯನ್ನು ಕಿಲೋ ಲೆಕ್ಕದಲ್ಲಿ ಒಗೆದುಕೊಡುವ ಬು ಎಂಡಾಂಗ್‌ರ ಲಾಂಡ್ರಿಯಲ್ಲಿ ಬೆಳಗಿನ ಹೊತ್ತು ಇಸ್ತ್ರಿ ಮಾಡುತ್ತಿದ್ದಳು. ಏಳಕ್ಕೆ ಹೋದರೆ ಹನ್ನೆರಡೂವರೆಗೆ ಬಿಡುಗಡೆ. ಅರ್ಧ ದಿನದ ಕೆಲಸ ಎನ್ನುವುದು ಹೆಸರಿಗೆ. ದಿನವೇನೋ ಅರ್ಧ ಉಳಿಯುತ್ತದೆ, ಮೈಯಲ್ಲಿ ಏನೂ ಉಳಿದಿರುವುದಿಲ್ಲ. ಬರೆಯುವುದಕ್ಕೆ ಬೆಳಗಿನ ಕೈ ಬೇಕು. ಆ ಕೈಯನ್ನು ಅವಳು ಹುಡುಗರ ಜೀನ್ಸ್ ಪ್ಯಾಂಟಿನ ಮೇಲೆ ಸವೆಸಿ ಬರುತ್ತಿದ್ದಳು. ಅಲ್ಲಿಯೂ ಸುಮ್ಮನಿರುತ್ತಿರಲಿಲ್ಲ. ಇಸ್ತ್ರಿ ಮೇಜಿನ ಬಟ್ಟೆಗೆ ಒದ್ದೆ ಬೆರಳಿನಿಂದ ಚೌಕ ಬರೆದು, ಅಳತೆ ನೋಡಿ, ಇಸ್ತ್ರಿ ಪೆಟ್ಟಿಗೆ ಎಳೆದು ಒಣಗಿಸಿಬಿಡುವಳು. ಬು ಎಂಡಾಂಗ್ ಅದನ್ನು ಕಂಡು, ನನ್ನ ಕರೆಂಟಿನಲ್ಲಿ ನಿನ್ನ ಚಿತ್ತಾರ ಒಣಗಿಸ್ತೀಯಾ ಎಂದು ಗೊಣಗುತ್ತಿದ್ದರು. ಕೆಟ್ಟ ಹೆಂಗಸಲ್ಲ, ಗೊಣಗುವುದು ಅವರ ಉಸಿರಾಟ.

ಮನೆಗೆ ಬಂದು, ತಾಯಿಗೆ ಗಂಜಿ ಕೊಟ್ಟು, ಹೊಗೆ ಒಳಕ್ಕೆ ಬಾರದಂತೆ ಹಿತ್ತಿಲ ಚಪ್ಪರದಲ್ಲಿ ಒಲೆ ಹಚ್ಚಿ ಕೂರುವ ಹೊತ್ತಿಗೆ ಕಣ್ಣು ಎಳೆಯುತ್ತಿತ್ತು. ನಿನ್ನೆ ಎಲ್ಲಿಗೆ ನಿಲ್ಲಿಸಿದ್ದೆ ಎಂಬುದೇ ನೆನಪಿರುತ್ತಿರಲಿಲ್ಲ. ಆದರೂ ಕೆಲಸ ಅವಳು ಎಣಿಸಿದ್ದಕ್ಕಿಂತ ಬೇಗ ಸಾಗುತ್ತಿತ್ತು. ಆ ಹೆಮ್ಮೆಯನ್ನು ಅವಳು ಲಾಂಡ್ರಿಯಲ್ಲಿ ಹೇಳಿಕೊಂಡೂ ಇದ್ದಳು.

ಬರೆಯಲು ಕೂತ ಐದನೆಯ ತಿಂಗಳಲ್ಲಿ ಒಂದು ಸಂಜೆ ಬಟ್ಟೆಯನ್ನು ಬೆಳಕಿಗೆ ಹಿಡಿದವಳು ಮತ್ತೆ ಹತ್ತಿರಕ್ಕೆ ತಂದು ನೋಡಿದಳು. ನಡುವಿನ ಎರಡು ಸಾಲಿನಲ್ಲಿ ಚುಕ್ಕೆಗಳು ಒಂದು ದಪ್ಪ, ಒಂದು ಸಣ್ಣ. ಕೆಲವು ಗೆರೆ ದಾಟಿ ಹೊರಗೆ ಹೋಗಿವೆ. ಇಸ್ತ್ರಿ ಪೆಟ್ಟಿಗೆ ತನ್ನ ಕೈಯನ್ನೇ ತಿಂದುಹಾಕಿತಲ್ಲ ಎಂದುಕೊಂಡಳು.

"ನೋಡವ್ವಾ, ಕುಡುಕ ನಡ್ಕೊಂಡು ಹೋದ ಹಾಗಿದೆ. ನಾಚಿಕೆಯಾಗುತ್ತೆ ನಂಗೆ."

ಬಾಗಿಲ ಹತ್ತಿರ ಕೂತಿದ್ದ ಪೊನಿಯೆಮ್ ಬಲಗೈಯನ್ನು ಮಡಿಲಿಗೆ ಎಳೆದುಕೊಂಡಳು. ಆಮೇಲೆ ಅಂದಳು, "ಬಿಡು. ನನ್ನ ಮೇಲೆ ತಾನೇ ಹೊದಿಸೋದು? ನಾನೇನು ಎದ್ದು ಕೂತು ನೋಡ್ತೀನಾ?"

"ನೀನು ನೋಡ್ದೇ ಇದ್ರೂ ಊರು ನೋಡುತ್ತೆ."

ತಪ್ಪಿದ ಮೇಣವನ್ನು ತೆಗೆಯುವ ಕ್ರಮ ಒಂದೇ. ಜಾಗವನ್ನು ಒದ್ದೆ ಮಾಡಿ, ಕಾಯಿಸಿದ ಕಬ್ಬಿಣದ ಕಡ್ಡಿಯನ್ನು ಮುಟ್ಟಿಸಿದರೆ ಮೇಣ ಕರಗುತ್ತದೆ, ಒರೆಸಬೇಕು. ವಿನಾರ್ಸಿ ಮೂರು ಸಂಜೆ ಕೂತು ಆ ಚುಕ್ಕೆಗಳನ್ನು ಒಂದೊಂದಾಗಿ ತೆಗೆದು, ಹೊಸದಾಗಿ ಇಟ್ಟಳು. ತಾಯಿ ಬಾಗಿಲಲ್ಲೇ ಕೂತು ನೋಡುತ್ತಿದ್ದಳು. ಅದಾದ ಮೇಲೆ ಕೆಲಸ ಯಾಕೋ ನಿಧಾನವಾಯಿತು.

ರಂಜಾನ್ ತಿಂಗಳು ಬಂತು. ಊರಿಗೆ ಹೊರಟ ವಿದ್ಯಾರ್ಥಿಗಳು ಗಂಟುಗಟ್ಟಲೆ ಬಟ್ಟೆ ತಂದು ಸುರಿದರು. ಮೂರು ವಾರ ಪೂರ್ತಿ ದಿನ ಬಾ, ಹಬ್ಬ ಕಳೆದ ಮೇಲೆ ವಾರವಿಡೀ ರಜೆ ತಗೋ ಎಂದು ಬು ಎಂಡಾಂಗ್ ಕೇಳಿಕೊಂಡರು. ವಾರವಿಡೀ ಬೆಳಗಿನ ಕೈಯಿಂದ ಬರೆಯಬಹುದು ಎಂಬ ಆಸೆಗೆ ಅವಳು ಒಪ್ಪಿದಳು. ಉಳಿದದ್ದು ಬಟ್ಟೆಯ ಕಾಲು ಭಾಗ ಮಾತ್ರ. ಎರಡನೆಯ ವಾರದ ಮಂಗಳವಾರ, ಯಾರದೋ ಅಂಗಿಯ ಕಾಲರಿಗೆ ಇಸ್ತ್ರಿ ಇಟ್ಟಿದ್ದಾಗ ಪಕ್ಕದ ಮನೆಯ ತುಮಿನಿಯ ಫೋನು ಬಂತು.

ಸತ್ತ ತಾಯಿಯ ಮೈ ತೊಳೆಯುವುದು ಮಗಳ ಪಾಲಿನ ಕೆಲಸ. ತುಮಿನಿ ನೀರು ಹೊಯ್ಯುತ್ತಿದ್ದಳು. ವಿನಾರ್ಸಿ ಬಲಗೈಯ ಬೆರಳುಗಳನ್ನು ಒಂದೊಂದಾಗಿ ಉಜ್ಜುತ್ತ ಹೆಬ್ಬೆರಳಿಗೆ ಬಂದಾಗ ಉಗುರಿನೊಳಗೆ ಏನೋ ಕಂದು ಬಣ್ಣದ್ದು ಸಿಕ್ಕಿಕೊಂಡಿತ್ತು. ಕಡ್ಡಿಯಿಂದ ತೆಗೆದು ಮೂಸಿದಳು. ಮೇಣ.

ಅವಳು ತಲೆ ಎತ್ತಿದಳು. ತುಮಿನಿ ಚೊಂಬು ಕೆಳಗಿಟ್ಟಳು.

"ನಿಂಗೆ ಗೊತ್ತಿಲ್ವೇನೇ? ನೀನು ಅತ್ತ ಹೋದ್ಮೇಲೆ ಒಲೆ ಹಚ್ಕೊಂಡು ಕೂರೋಳು. ಕೆಮ್ಮಿ ಕೆಮ್ಮಿ ಚುಕ್ಕೆ ಇಡೋಳು. ಮಗಳು ದಣ್ಕೊಂಡು ಬರ್ತಾಳೆ, ಎರಡು ಸಾಲಾದ್ರೂ ಕಮ್ಮಿಯಾಗ್ಲಿ ಅನ್ನೋಳು. ನಡುವೆ ಬಿಟ್ಟುಬಿಟ್ಟಿದ್ಲು. ನನ್ನ ಕೈ ಇನ್ನು ನಡೆಯಲ್ಲ ತುಮಿನಿ, ಹುಡುಗಿ ಎಲ್ಲಾ ಅಳಿಸ್ಬೇಕಾಯ್ತು ಅಂದ್ಲು. ಮೊನ್ನೆಯಿಂದ ಮತ್ತೆ ಕೂತಿದ್ಲು, ನೀನು ಕತ್ತಲಾದ್ರೂ ಬರಲ್ವಲ್ಲ ಅಂತ."

ಆ ಬೆರಳನ್ನು ಮತ್ತೆ ತೊಳೆಯಲು ವಿನಾರ್ಸಿಗೆ ಮನಸ್ಸೇ ಬರಲಿಲ್ಲ. ಆದರೂ ತೊಳೆದಳು.

ಬಣ್ಣ ಕಾಣದ, ಮೇಣದಿಂದ ಸೆಟೆದ ಬಟ್ಟೆಯನ್ನು ಹೆಣಕ್ಕೆ ಹೊದಿಸುವಂತಿರಲಿಲ್ಲ. ಪೊನಿಯೆಮ್‌ಳ ಮೇಲೆ ತುಮಿನಿಯ ಮನೆಯ ಹಳೆಯ ಬಟ್ಟೆ ಬಂತು, ಯಂತ್ರದಲ್ಲಿ ಅಚ್ಚು ಹಾಕಿದ್ದು. ನಲವತ್ತು ವರ್ಷ ಬರೆದವಳು ಕೈಯಿಂದ ಬರೆದ ಒಂದು ಬಟ್ಟೆಯೂ ಇಲ್ಲದೆ ಹೋದಳು. ಬೇಡಿದ್ದು ಅದೊಂದೇ ಆಗಿತ್ತು.

ನಲವತ್ತನೆಯ ದಿನದ ಪ್ರಾರ್ಥನೆಗೆ ಮೊದಲು ವಿನಾರ್ಸಿ ರಜೆ ಕೇಳಿದಳು. ಬು ಎಂಡಾಂಗ್ ಗೊಣಗದೆ ಕೊಟ್ಟರು. ಉಳಿದ ಕಾಲು ಭಾಗವನ್ನು ಅವಳು ಬರೆಯಲಿಲ್ಲ. ತಾಯಿ ಕೊನೆಯದಾಗಿ ಇಟ್ಟಿದ್ದ ಏಳು ವಕ್ರ ಚುಕ್ಕೆಗಳು ಎಲ್ಲಿ ನಿಂತಿದ್ದವೋ ಅಲ್ಲಿಗೇ ನಿಲ್ಲಿಸಿದಳು. ನೀಲಿಯ ತೊಟ್ಟಿಯಲ್ಲಿ ಮತ್ತೆ ಮತ್ತೆ ಅದ್ದಿದಳು, ಕುದಿವ ನೀರಿನಲ್ಲಿ ಮೇಣ ಬಿಡಿಸಿದಳು, ಹಿತ್ತಿಲ ಹಗ್ಗಕ್ಕೆ ಹರಡಿದಳು.

ಆಗ ಕಂಡಿತು. ಒಮ್ಮೆ ಮೇಣ ಬಿದ್ದ ಜಾಗವನ್ನು ಎಷ್ಟು ಒರೆಸಿದರೂ ನೂಲಿನೊಳಗೆ ಚೂರು ಉಳಿಯುತ್ತದೆ, ಅಲ್ಲಿ ಬಣ್ಣ ಪೂರ್ತಿ ಹಿಡಿಯುವುದಿಲ್ಲ. ಇದು ಅವಳಿಗೆ ಗೊತ್ತಿಲ್ಲದ್ದೇನಲ್ಲ, ಮರೆತಿದ್ದಳು. ನಡುವಿನ ಎರಡು ಸಾಲಿನಲ್ಲಿ ಅವಳ ಅಚ್ಚುಕಟ್ಟಾದ ಬಿಳಿ ಚುಕ್ಕೆಗಳ ಪಕ್ಕದಲ್ಲೇ, ಗಾಢ ನೀಲಿಯೊಳಗೆ ತಿಳಿನೀಲಿಯ ಕಲೆಗಳು ಎದ್ದಿದ್ದವು. ಒಂದು ದಪ್ಪ, ಒಂದು ಸಣ್ಣ, ಕೆಲವು ಗೆರೆ ದಾಟಿದವು. ಅವಳು ಅಳಿಸಿದ್ದ ಅಷ್ಟೂ ಅಲ್ಲಿದ್ದವು.

ಹೂಳುವ ದಿನ ಅಳದೆ ಇದ್ದವಳು ಒದ್ದೆ ಬಟ್ಟೆಯನ್ನು ಮುಖಕ್ಕೆ ಒತ್ತಿಕೊಂಡು ಅತ್ತಳು. ಸದ್ದು ಕೇಳಿ ಬೇಲಿಯ ಹತ್ತಿರ ಬಂದ ತುಮಿನಿ ಅಲ್ಲೇ ನಿಂತಳು. ಅವಳು ಬಟ್ಟೆಯನ್ನು ಮುಖದಿಂದ ಇಳಿಸಿದ ಮೇಲೆ, ಒಂದು ತುದಿ ಬರೀ ನೀಲಿಯಾಗಿಯೇ ಉಳಿದಿದೆಯಲ್ಲೇ, ಇದನ್ನು ಏನು ಮಾಡ್ತೀಯಾ ಎಂದು ಮೆಲ್ಲಗೆ ಕೇಳಿದಳು.

"ಮಡಿಸಿಡ್ತೀನಿ ಅಕ್ಕಾ," ಎಂದಳು ವಿನಾರ್ಸಿ. "ನಾನು ಸತ್ತಾಗ ನನ್ನ ಮೇಲೆ ಇದನ್ನೇ ಹೊದಿಸಿ. ಊರು ನೋಡ್ಲಿ."